ಗಟ್ಟಿ ನೆಲ ಎಂದು ಬರೆಸಿದ ಜಾಗ

ನಾನು ಒಂದು ಉಕ್ಕಿನ ಸಲಾಕೆ. ಉದ್ದ ನಾಲ್ಕೂವರೆ ಅಡಿ, ದಪ್ಪ ಕಿರುಬೆರಳಿನಷ್ಟು. ನೆತ್ತಿಯ ಮೇಲೆ ಅಡ್ಡಕ್ಕೆ ಒಂದು ಹಿಡಿಕೆ ಇದೆ. ದೂರದಿಂದ ನೋಡಿದವರು ನನ್ನನ್ನು ಯಾವುದೋ ಹಳೆಯ ಯಂತ್ರದ ಮುರಿದ ಭಾಗ ಎಂದುಕೊಳ್ಳುತ್ತಾರೆ. ನನ್ನ ಕೆಲಸ ನೆಲವನ್ನು ಚುಚ್ಚಿ ನೋಡುವುದು. ಹೊಲದಲ್ಲಿ, ಗುಡ್ಡದಲ್ಲಿ, ಪಾಳುಬಿದ್ದ ಜಾಗದಲ್ಲಿ ಯಾರನ್ನಾದರೂ ಗುಟ್ಟಾಗಿ ಹೂತಿದ್ದಾರೆಯೇ ಎಂದು ಹುಡುಕುವವರ ಜೊತೆ ನಾನು ಬಾಳಿದೆ.

ನಾನು ಹುಟ್ಟಿದ್ದು ಬಾಗಲಕೋಟೆಯ ಒಂದು ಓಣಿಯ ಕುಲುಮೆಯಲ್ಲಿ. ಮೌನೇಶಪ್ಪ ಎಂಬ ಮುದುಕ ಕಮ್ಮಾರ ನನ್ನನ್ನು ಬಡಿದು ನೆಟ್ಟಗೆ ಮಾಡುತ್ತಿದ್ದಾಗ, ನನ್ನನ್ನು ಮಾಡಿಸಲು ಬಂದ ಹೆಂಗಸು ಬಾಗಿಲಲ್ಲೇ ನಿಂತಿದ್ದರು. ಅವರು ಡಾಕ್ಟರ್ ಕುಮುದಿನಿ. ವೈದ್ಯಕೀಯ ಕಾಲೇಜಿನಲ್ಲಿ ಎಲುಬುಗಳ ಬಗ್ಗೆ ಪಾಠ ಮಾಡುವವರು. ಎಲ್ಲಾದರೂ ಮನುಷ್ಯರ ಎಲುಬು ಸಿಕ್ಕಿದರೆ ಪೊಲೀಸರು ಅವರನ್ನೇ ಕರೆಯುತ್ತಿದ್ದರು.

"ಏನ ಹುಡಕಾಕ್ರೀ ಬಾಯಾರ ಇದು? ನೀರಿನ ಪೈಪೇನ್ರೀ?" ಎಂದು ಮೌನೇಶಪ್ಪ ಕೇಳಿದ.

"ಮನಷ್ಯಾರನ್ನ ಹುಡಕಾಕ."

ಅವನು ನನ್ನನ್ನು ತಿರುಗಿಸಿ ಹಿಡಿದ. "ತುದಿ ಚೂಪ ಮಾಡ್ಲ್ಯಾ?" ಎಂದ.

"ಬ್ಯಾಡ. ಬಾರಿಹಣ್ಣಿನಂಗ ಗುಂಡಗ ಇರ್ಲಿ, ಆದರ ಮೈಗಿಂತ ಒಂದ ಎಳಿ ದಪ್ಪ ಇರ್ಬೇಕು. ಒಳಗ ಇದ್ದವರಿಗೆ ಗಾಯ ಆಗಬಾರದು."

ಸತ್ತವರಿಗೆ ಗಾಯವಾಗುವುದೇ ಎಂದು ಮೌನೇಶಪ್ಪ ಕೇಳಲಿಲ್ಲ. ತುದಿಯನ್ನು ಅವರು ಹೇಳಿದಂತೆ ಮಾಡಿದ. ಆಮೇಲೆ ಯಾರೂ ಹೇಳದೆಯೇ ಹಿಡಿಕೆಯ ಎರಡೂ ಅಂಚುಗಳನ್ನು ಅರದಿಂದ ಬಹಳ ಹೊತ್ತು ಉಜ್ಜಿದ. "ಬಾಯಾರ ಕೈ ಕೊಯ್ಯಬಾರದು," ಎಂದು ತನ್ನಷ್ಟಕ್ಕೆ ಹೇಳಿಕೊಂಡ. ನಾನು ಈ ಲೋಕದಲ್ಲಿ ಮೊದಲು ಕೇಳಿದ ಮಾತುಗಳು ಇವು. ಅದಕ್ಕೇ ಇರಬೇಕು, ಮನುಷ್ಯರ ಕೈ ಎಂದರೆ ಒಳ್ಳೆಯದು ಎಂದು ನಾನು ಬಹಳ ದಿನ ನಂಬಿದ್ದೆ.

ಆ ಕಡೆ ಹೆಂಗಸರನ್ನು ಗೌರವದಿಂದ ಬಾಯಿ ಎನ್ನುತ್ತಾರೆ; ಡಾಕ್ಟರಬಾಯಿ ನನ್ನನ್ನು ತಮ್ಮ ಜೀಪಿನಲ್ಲಿ ಹಗ್ಗ, ಬಿಳಿ ಪಟ್ಟಿ, ಸಣ್ಣ ಕೆಂಪು ಬಾವುಟಗಳು, ಬ್ರಷ್ಷು, ಜರಡಿಗಳ ಜೊತೆ ಇಟ್ಟುಕೊಂಡರು. ಇರ್ಫಾನ ಎಂಬ ಪ್ರಯೋಗಾಲಯದ ಸಹಾಯಕ ಸದಾ ಅವರೊಡನೆ ಇರುತ್ತಿದ್ದ. ಬರೆದುಕೊಳ್ಳುವುದು, ಫೋಟೊ ತೆಗೆಯುವುದು ಅವನ ಕೆಲಸ. ಎಲ್ಲಿಗೆ ಹೋದರೂ ಬಾಯಿಯವರು ಮೊದಲು ಏನನ್ನೂ ಮುಟ್ಟುತ್ತಿರಲಿಲ್ಲ. ಬೆಳಗಿನ ಎಳೆಬಿಸಿಲಿನಲ್ಲಿ ಸುಮ್ಮನೆ ನಿಂತು ನೋಡುತ್ತಿದ್ದರು. ಬಿಸಿಲು ಓರೆಯಾಗಿದ್ದಾಗ ನೆಲದ ಸಣ್ಣ ತಗ್ಗಿಗೂ ನೆರಳು ಬೀಳುತ್ತದೆ. ಹೂತ ದೇಹ ಕರಗಿದಂತೆ ಮೇಲಿನ ಮಣ್ಣು ಕುಸಿಯುತ್ತದೆ. ಅಲ್ಲಿ ಬೆಳೆಯುವ ಕಳೆಯೂ ಸುತ್ತಲಿನಂತೆ ಇರುವುದಿಲ್ಲ. ಕೆಳಗಿನ ಬಿಳಿಮಣ್ಣು ಮೇಲಿನ ಕೆಂಪುಮಣ್ಣಿನಲ್ಲಿ ಕಲಸಿಹೋಗಿರುತ್ತದೆ. ಇವನ್ನೆಲ್ಲ ಕಣ್ಣಿನಿಂದ ನೋಡಿ ಮುಗಿದ ಮೇಲೆ ನನ್ನ ಸರದಿ.

ತೋಡದ ನೆಲ ನನ್ನನ್ನು ಒಳಗೆ ಬಿಡುವುದಿಲ್ಲ. ಐದಾರು ಬೆರಳು ಇಳಿಯುವಷ್ಟರಲ್ಲಿ ತಡೆಯುತ್ತದೆ. ಒಮ್ಮೆ ತೋಡಿ ಮುಚ್ಚಿದ ನೆಲ ಎಷ್ಟು ವರ್ಷವಾದರೂ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಅಲ್ಲಿ ನಾನು ಮೆಲ್ಲಗೆ ಇಳಿದುಬಿಡುತ್ತೇನೆ. ಆ ವ್ಯತ್ಯಾಸವನ್ನು ನನ್ನ ಮೈ ಹಿಡಿದ ಕೈಗೆ ಹೇಳುತ್ತದೆ. ಕೈ ನಾಲಿಗೆಗೆ ಹೇಳುತ್ತದೆ. ನಾಲಿಗೆ 'ಗಟ್ಟಿ' ಅಥವಾ 'ಮೆತ್ತಗ' ಎಂದು ಕೂಗಿ, ಎಷ್ಟು ಬೆರಳು ಇಳಿಯಿತು ಎಂದು ಹೇಳಿದಾಗ ಇರ್ಫಾನ ಬರೆದುಕೊಳ್ಳುತ್ತಾನೆ. ನನ್ನ ಬದುಕೆಲ್ಲ ಈ ಎರಡು ಮಾತುಗಳಲ್ಲೇ ಇತ್ತು.

ಮೊದಲ ಸಲ ನಾನು ಇಳಿದಾಗ ಸಿಕ್ಕಿದ್ದು ಒಂದು ಎಮ್ಮೆಕರು. ಯಾರೋ ಅದಕ್ಕೆ ಅರಿಶಿನ ಹಚ್ಚಿ, ಹಳೆಯ ಗೋಣಿಚೀಲ ಹೊದಿಸಿ ಹೂತಿದ್ದರು. ಕಾನ್‌ಸ್ಟೇಬಲ್‌ಗಳು ನಕ್ಕರು. "ಬಾಯಾರ, ಇದರ ಮ್ಯಾಲ ಕೇಸ್ ಹಾಕೂದ ಹೆಂಗ್ರೀ?" ಎಂದು ಒಬ್ಬ ಕೇಳಿದ. ಬಾಯಿಯವರೂ ನಕ್ಕರು. ಆದರೆ ಹೋಗುವ ಮುಂಚೆ ಚೀಲವನ್ನು ಮೊದಲಿದ್ದಂತೆಯೇ ಹೊದಿಸಿ, ಮಣ್ಣು ಮುಚ್ಚಿಸಿ, ಕಲ್ಲು ಇಡಿಸಿದರು.

ಹುಡುಕಬೇಕಾದವರೆಲ್ಲ ನೆಲದ ಕೆಳಗೇ ಇರುವುದಿಲ್ಲ. ಬುದ್ಧಿ ಮಂಕಾಗಿ ಮನೆಬಿಟ್ಟು ಹೋದ ಒಬ್ಬ ಮುದುಕನನ್ನು ಒಂದು ಗುಡ್ಡದ ಇಳಿಜಾರಿನಲ್ಲಿ ಹುಡುಕಿದೆವು. ತಲೆಬುರುಡೆ ಉರುಳಿ ಕೆಳಗೆ ಬಂದಿತ್ತು. ಉದ್ದದ ಎಲುಬುಗಳನ್ನು ನಾಯಿಗಳು ಕಾಲುದಾರಿಯುದ್ದಕ್ಕೂ ಎಳೆದಿದ್ದವು. ಎಲ್ಲರೂ ಒಂದೇ ಸಾಲಿನಲ್ಲಿ ಮಂಡಿಯೂರಿ ಅಂಗೈ ಅಂಗೈ ಜಾಗ ನೋಡುತ್ತ ಹೋದರು. ಒಂದೊಂದು ಎಲುಬು ಸಿಕ್ಕಾಗಲೂ ಬಾಯಿಯವರು ಅದನ್ನು ಕಾಗದದಲ್ಲಿ ಸುತ್ತುತ್ತ, "ಬರ್ರಿ ಅಜ್ಜಾರ, ಮನಿಗಿ ಹೋಗೂಣು" ಎಂದು ಮೆಲ್ಲಗೆ ಹೇಳುತ್ತಿದ್ದರು. ಇರ್ಫಾನ ಅದನ್ನು ಕೇಳಿಯೂ ಕೇಳದವನಂತೆ ಫೋಟೊ ತೆಗೆಯುತ್ತಿದ್ದ.

ಹೀಗೆ ಆರು ವರ್ಷ ಕಳೆಯಿತು. ಆಮೇಲೆ ಇಳಕಲ್ಲಿನ ಕಡೆಯ ಒಂದು ಊರಿನಿಂದ ಕರೆ ಬಂತು.

ಆ ಊರಿನ ಹಿಂದೆ ಕೆಂಪುಕಲ್ಲು ತೆಗೆದು ಬಿಟ್ಟುಹೋದ ಗಣಿಗಳಿವೆ. ಸುತ್ತಲೂ ಜಾಲಿಕಂಟಿ, ಒಡೆದ ಕಲ್ಲಿನ ಗುಡ್ಡೆ, ನಡುನಡುವೆ ತೆಳ್ಳಗೆ ಮಣ್ಣು. ಅಲ್ಲಿ ಕುರಿ ಕಾಯುವವನೊಬ್ಬನಿಗೆ ಕಂಟಿಯ ಬುಡದಲ್ಲಿ ಮುಂಗೈಯ ಎಲುಬು ಸಿಕ್ಕಿತ್ತು. ಬಾಯಿಯವರು ಅದರ ತುದಿಯನ್ನು ನೋಡಿ, "ಹೆಣ್ಣು. ಇಪ್ಪತ್ತು, ಇಪ್ಪತ್ತೆರಡರ ಆಜೂಬಾಜು. ನರಿಯೋ ನಾಯಿಯೋ ಎಳದ ತಂದೈತಿ. ಉಳದದ್ದು ಇಲ್ಲೇ ಎಲ್ಲೋ ಐತಿ," ಎಂದರು. ಮೂರು ವರ್ಷದ ಹಿಂದೆ ಆ ಊರಿನಿಂದ ಕಸ್ತೂರಿ ಎಂಬ ಹುಡುಗಿ ಕಾಣೆಯಾಗಿದ್ದು ಪೊಲೀಸರಿಗೆ ನೆನಪಾಯಿತು.

ಕಸ್ತೂರಿಯ ತಾಯಿ ಬಾಳವ್ವ. ವಿಧವೆ. ಒಬ್ಬಳೇ ಮಗಳನ್ನು ಹೊರಗೆ ಕೊಡಲು ಮನಸ್ಸಾಗದೆ ತನ್ನ ತಮ್ಮ ದ್ಯಾಮಣ್ಣನಿಗೇ ಕೊಟ್ಟಿದ್ದಳು. ಆ ಕಡೆ ಅಕ್ಕನ ಮಗಳನ್ನು ಮಾಡಿಕೊಳ್ಳುವುದು ವಾಡಿಕೆ. ಹೀಗೆ ದ್ಯಾಮಣ್ಣ ಅವಳಿಗೆ ತಮ್ಮನೂ ಹೌದು, ಅಳಿಯನೂ ಹೌದು. ಎರಡು ವರ್ಷದ ಕೂಸನ್ನು ಬಿಟ್ಟು ಕಸ್ತೂರಿ ಕಾಣೆಯಾದಾಗ, ಕಲ್ಲು ಒಯ್ಯಲು ಬರುತ್ತಿದ್ದ ಲಾರಿ ಡ್ರೈವರನ ಜೊತೆ ಓಡಿಹೋದಳು ಎಂದು ಊರು ಮಾತಾಡಿತು. ಈಗ ಕೂಸಿಗೆ ಐದು ವರ್ಷ. ಅಜ್ಜಿಯ ಹತ್ತಿರ ಬೆಳೆಯುತ್ತಿತ್ತು. ಬಾಲವಾಡಿಯಲ್ಲಿ ಮಕ್ಕಳು ಅದನ್ನು 'ಲಾರಿ' ಎಂದೇ ಕರೆಯುತ್ತಿದ್ದರಂತೆ.

ಮೊದಲ ದಿನವೇ ಬಾಳವ್ವ ಬಾಯಿಯವರ ಎದುರು ಕುಕ್ಕರಗಾಲಿನಲ್ಲಿ ಕೂತಳು. "ನನ್ನ ಮಗಳ ಸತ್ತಾಳಂದ್ರ ಅಳತೀನ್ರೀ. ಆದರ ಓಡಿಹೋಗಿಲ್ಲ ಅಂತ ಊರ ಮುಂದ ಒಂದ ಮಾತ ಆದರ ಸಾಕ್ರೀ ಬಾಯಾರ. ಆ ಕೂಸಿನ ಸಲವಾಗಿ," ಎಂದಳು. ಅವಳಿಗೆ ಬೇಕಾಗಿದ್ದು ಇಷ್ಟೇ. ಆ ಒಂದು ಮಾತು ಸಿಗಬೇಕಾದರೆ ನಾನು ನೆಲದಲ್ಲಿ ಇಳಿಯಬೇಕಿತ್ತು.

ಗಣಿಯ ಬಯಲಿನಲ್ಲಿ ಬಿಳಿ ಪಟ್ಟಿ ಎಳೆದು ಒಂದು ಮಾರಿನ ಅಂತರಕ್ಕೆ ಹದಿನಾಲ್ಕು ಸಾಲು ಮಾಡಿದರು. ಚುಚ್ಚಿದ ಪ್ರತಿಯೊಂದು ತೂತಿನ ಪಕ್ಕ ಒಂದು ಕೆಂಪು ಬಾವುಟ. ಎರಡು ದಿನ ಕಾನ್‌ಸ್ಟೇಬಲ್‌ಗಳು ನನ್ನನ್ನು ಒಬ್ಬರ ಕೈಯಿಂದ ಒಬ್ಬರಿಗೆ ಕೊಟ್ಟು ಐದು ಸಾಲು ಮುಗಿಸಿದರು. ಮೂರನೆಯ ದಿನ ಯಾರೋ ಮಂತ್ರಿಗಳು ಬರುತ್ತಾರೆಂದು ಎಲ್ಲರನ್ನೂ ಬಂದೋಬಸ್ತಿಗೆ ಕರೆದುಬಿಟ್ಟರು. ಉಳಿದವರು ಬಾಯಿಯವರು, ಇರ್ಫಾನ ಮತ್ತು ನೆಲ ನೋಡಲು ಇನ್ನೂ ಕಲಿಯುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರು. ಮೋಡ ಕಟ್ಟುತ್ತಿತ್ತು. ಮಳೆ ಬಂದರೆ ತೂತುಗಳೆಲ್ಲ ಮುಚ್ಚಿ ಮಾಡಿದ ಕೆಲಸ ಹಾಳಾಗುತ್ತಿತ್ತು.

ದ್ಯಾಮಣ್ಣ ಮೊದಲ ದಿನದಿಂದಲೂ ಅಲ್ಲೇ ಇದ್ದ. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಎಲ್ಲರಿಗೂ ಬಿಂದಿಗೆಯಲ್ಲಿ ನೀರು ತರುತ್ತಿದ್ದ. ಬಿಸಿಲು ಸರಿದಂತೆ ಅಕ್ಕನ ತಲೆಯ ಮೇಲೆ ಛತ್ರಿಯನ್ನೂ ಸರಿಸುತ್ತಿದ್ದ. ವಿದ್ಯಾರ್ಥಿನಿಯೊಬ್ಬಳ ಚಪ್ಪಲಿಯ ಬಾರು ಕಿತ್ತಾಗ ದಾರ ತಂದು ಹೊಲಿದುಕೊಟ್ಟ.

"ನನ್ನ ಕೈಯಾಗ ಕೊಡ್ರಿ ಬಾಯಾರ," ಎಂದ ಅವನು ಆ ದಿನ. "ಹತ್ತ ವರ್ಷ ಇದ ಗಣ್ಯಾಗ ಕಲ್ಲಿಗೆ ತೂತ ಹೊಡದ ಕೈ ಇವು."

ಇರ್ಫಾನ ಬಾಯಿಯವರ ಹತ್ತಿರ ಬಂದು ದನಿ ತಗ್ಗಿಸಿದ. "ಮೇಡಂ, ಮನಿಯವರನ್ನ ಸಾಲಿನ್ಯಾಗ ಬಿಡಬಾರದಲ್ರೀ. ನೀವ ಹೇಳಿಕೊಟ್ಟದ್ದು."

ಅದನ್ನು ಕೇಳಿಸಿಕೊಂಡ ಬಾಳವ್ವ ಎದ್ದು ಬಂದಳು. "ಕಿವಿ ಚುಚ್ಚೂಮುಂದ ಆಕಿ ಇವನ ತೊಡಿ ಮ್ಯಾಲ ಕುಂತಾಕ್ರೀ. ಸ್ವಾದರಮಾವನ ಕೈ ಇಲ್ದ ಆಕಿದ ಯಾವ ಕೆಲಸಾನೂ ಸುರು ಆಗಿಲ್ರೀ. ಇದೂ ಅವನ ಕೈಲೇ ಆಗ್ಲಿ. ಮಾವ ಬಂದಾನ ಅಂದ್ರ ಆಕೀನ ಸಿಗತಾಳ."

ಬಾಯಿಯವರು ಮೋಡ ನೋಡಿದರು, ಬಾಳವ್ವನ ಮುಖ ನೋಡಿದರು. "ಆಕಿ ಮುಖಾ ನೋಡೋ ಇರ್ಫಾನ್," ಎಂದರು. ನಂತರ ನನ್ನನ್ನು ದ್ಯಾಮಣ್ಣನ ಕೈಗೆ ಕೊಟ್ಟರು.

ಅವನ ಕೈಯಷ್ಟು ಒಳ್ಳೆಯ ಕೈ ನನಗೆ ಹಿಂದೆ ಸಿಕ್ಕಿರಲಿಲ್ಲ ಎಂದು ಹೇಳದಿದ್ದರೆ ನಾನು ಸುಳ್ಳುಗಾರನಾಗುತ್ತೇನೆ. ಕಾನ್‌ಸ್ಟೇಬಲ್‌ಗಳು ನನ್ನನ್ನು ಕುಕ್ಕುತ್ತಿದ್ದರು, ಕಲ್ಲಿಗೆ ಬಡಿಯುತ್ತಿದ್ದರು. ಅವನು ಹಾಗಲ್ಲ. ಹಿಡಿಕೆಯ ಮೇಲೆ ಇರುವೆ ಹತ್ತಿದ್ದರೆ ಅದನ್ನು ಊದಿ ಕಳಿಸಿ ಆಮೇಲೆ ಹಿಡಿಯುತ್ತಿದ್ದ. ನೆಟ್ಟಗೆ ನಿಲ್ಲಿಸಿ, ಮೈಯ ಭಾರವನ್ನು ನಿಧಾನವಾಗಿ ಬಿಡುತ್ತಿದ್ದ. ಸಂಜೆ ಮಣ್ಣು ತೊಳೆದು ತನ್ನ ಟವೆಲಿನಿಂದ ಒರೆಸಿ, ಮನೆಯಿಂದ ತಂದ ಔಡಲೆಣ್ಣೆ ಸವರಿದ. ನಾನು ಬರೀ ಕಬ್ಬಿಣ; ಆದರೂ ಆ ಸಂಜೆ ನನಗೆ ಯಾರೋ ನನ್ನವರು ಸಿಕ್ಕಂತೆ ಆಯಿತು. ಮೂರು ಸಾಲುಗಳನ್ನು ಅವನು ಒಬ್ಬನೇ ಮುಗಿಸಿದ. ಎಲ್ಲೂ ಸುಳ್ಳಿಲ್ಲ. ಗಟ್ಟಿ ಇದ್ದಲ್ಲಿ ಗಟ್ಟಿ ಎಂದ. ಇಲಿಬಿಲ ಇದ್ದಲ್ಲಿ ಮೆತ್ತಗೆ ಎಂದು ಬರೆಸಿ, ಬಾಯಿಯವರನ್ನು ಕರೆದು ತೋರಿಸಿದ.

ಮರುದಿನ ಒಂಬತ್ತನೆಯ ಸಾಲು. ಜಾಲಿಕಂಟಿಯಿಂದ ಮೂರನೆಯ ಜಾಗ. ಅವನು ನನ್ನನ್ನು ನಿಲ್ಲಿಸಿದ. ಮೇಲೆ ಒಂದು ಪದರ ಕಲ್ಲುಪುಡಿ, ಅದು ಗಟ್ಟಿಯಾಗಿತ್ತು. ಅದನ್ನು ದಾಟಿದ ಕೂಡಲೇ ನಾನು ಇಳಿದೆ. ತಡೆಯೇ ಇಲ್ಲ. ಒಂದು ಗೇಣು, ಒಂದೂವರೆ ಗೇಣು. ಕಲಸಿದ ಮಣ್ಣು. ನನಗೆ ಗೊತ್ತಾಯಿತು. ನನ್ನ ಮೈಯಿಂದ ಅವನ ಅಂಗೈಗೆ ಆ ಸುದ್ದಿ ಹೋದದ್ದೂ ನನಗೆ ಗೊತ್ತಾಯಿತು. ಇಂಥ ಕಡೆ ಯಾರೇ ಆದರೂ ಇನ್ನೊಂದಿಷ್ಟು ಒತ್ತಿ ನೋಡುತ್ತಾರೆ. ಅವನ ಕೈ ತಟ್ಟನೆ ನಿಂತಿತು. ಎರಡೂ ಅಂಗೈಗಳಲ್ಲಿ ನಾಡಿ ಬಡಿಯುತ್ತಿತ್ತು.

ಪಾಪ, ಇವನ ಹೆಂಡತಿಯಲ್ಲವೇ, ಸಂಕಟಕ್ಕೆ ಕೈ ಓಡುತ್ತಿಲ್ಲ ಎಂದುಕೊಂಡೆ.

ಅವನು ನನ್ನನ್ನು ಮೆಲ್ಲಗೆ ಮೇಲೆ ಎಳೆದ. ಚುಚ್ಚಿದ ತುದಿಯನ್ನು ಬಾಯಿಯವರು ಮೂಸಿ ನೋಡುವ ವಾಡಿಕೆ ಇತ್ತು. ಅವರು ಆಗ ಸಾಲಿನ ಆ ತುದಿಯಲ್ಲಿದ್ದರು. ದ್ಯಾಮಣ್ಣ ಟವೆಲಿನಿಂದ ನನ್ನ ತುದಿಯನ್ನು ಎರಡು ಸಲ ಒರೆಸಿದ.

"ಏನಾತ್ರೀ ದ್ಯಾಮಣ್ಣ?" ಎಂದು ಇರ್ಫಾನ ಕೂಗಿದ.

"ಗಟ್ಟಿ ರೀ. ಆರ ಬೆರಳು."

ಇರ್ಫಾನ ಬರೆದುಕೊಂಡ. ಬಾವುಟ ನೆಟ್ಟರು. ದ್ಯಾಮಣ್ಣ ನನ್ನನ್ನು ಹೆಗಲ ಮೇಲಿಟ್ಟುಕೊಂಡು ಮುಂದಿನ ಜಾಗಕ್ಕೆ ಹೋದ.

ಸಲಾಕೆಗೆ ನಾಲಿಗೆ ಇಲ್ಲ. ಇದ್ದಿದ್ದರೆ ಆ ದಿನ ನಾನು ಕೂಗುತ್ತಿದ್ದೆ. ನನ್ನನ್ನು ಮುರಿದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನನ್ನ ಮಾತನ್ನು ನನ್ನ ಮೈಯಿಂದಲೇ ತೆಗೆದುಕೊಂಡು, ತಿರುಗಿಸಿ, ಅವನು ಬೇರೆಯವರಿಗೆ ಕೊಟ್ಟ. ಆ ಸಂಜೆ ಅವನು ದಿನದಂತೆಯೇ ಎಣ್ಣೆ ಸವರಿದ. ಬಹುಶಃ ದಿನಕ್ಕಿಂತ ಹೆಚ್ಚು ಹೊತ್ತು. ಹತ್ತಿರದಲ್ಲೇ ಕೂತಿದ್ದ ಬಾಳವ್ವ, "ನೋಡ್ರಿ ಬಾಯಾರ, ನನ್ನ ತಮ್ಮ ಕಬ್ಬಣಾನೂ ಕೂಸಿನಂಗ ಎರೀತಾನ," ಎಂದಳು. ಬಾಯಿಯವರು ನಕ್ಕರು.

ಹದಿನಾಲ್ಕು ಸಾಲೂ ಮುಗಿದವು. ಎಲ್ಲಿಯೂ ಕಸ್ತೂರಿ ಇರಲಿಲ್ಲ. ಬಾಳವ್ವ ಊಟ ಬಿಟ್ಟಳು. "ಹಂಗಾರ ಊರವರ ಹೇಳಿದ್ದ ಖರೇನ ಏನೋ ತಮ್ಮಾ?" ಎಂದು ಅವಳು ಕೇಳಿದ್ದನ್ನು ಜೀಪಿಗೆ ಒರಗಿದ್ದ ನಾನು ಕೇಳಿದೆ. ಅವನು ಅವಳ ತಲೆಯ ಮೇಲಿನ ಸೆರಗನ್ನು ಸರಿಮಾಡಿದ. "ಬಿಡ ಅಕ್ಕಾ. ಎಲ್ಲ್ಯರ ಇರ್ಲಿ, ಸುಖಾಗಿರ್ಲಿ," ಎಂದ.

ಆ ಮಾತು ನನಗೆ ಇಂದಿಗೂ ಅರ್ಥವಾಗಿಲ್ಲ. ಎಂಟು ಮಾರು ದೂರದಲ್ಲಿ ಆ ಹುಡುಗಿ ಮಲಗಿದ್ದಳು. ಮಗಳು ಸತ್ತಳೆಂದು ಅಳುವುದಕ್ಕೂ ಅವನು ಆ ತಾಯಿಯನ್ನು ಬಿಡಲಿಲ್ಲ.

ಆದರೆ ದ್ಯಾಮಣ್ಣನಿಗೆ ಒಂದು ವಿಷಯ ತಿಳಿದಿರಲಿಲ್ಲ. ಯಾರೂ ಬೇಕೆಂದು ಮುಚ್ಚಿಟ್ಟದ್ದಲ್ಲ, ಅವನು ಕೇಳಲಿಲ್ಲ, ಇವರು ಹೇಳಲಿಲ್ಲ. ನನ್ನ ತೂತುಗಳು ಗಟ್ಟಿಯೋ ಮೆತ್ತಗೋ ನೋಡುವುದಕ್ಕಷ್ಟೇ ಅಲ್ಲ. ನೆಲದೊಳಗೆ ಕಟ್ಟಿಕೊಂಡ ವಾಸನೆ ಆ ತೂತುಗಳಿಂದ ಮೇಲೆ ಬರುತ್ತದೆ. ಅದಕ್ಕೆ ಒಂದೆರಡು ದಿನ ಬಿಟ್ಟು, ತಂಪು ಹೊತ್ತಿನಲ್ಲಿ ನಾಯಿಯನ್ನು ತರುತ್ತಾರೆ. ಮನುಷ್ಯರು ಏನು ಬರೆದಿದ್ದಾರೆಂದು ನಾಯಿಗೆ ಯಾರೂ ಓದಿ ಹೇಳುವುದಿಲ್ಲ.

ಎರಡು ದಿನ ಮೋಡ ಹಾಗೇ ತೇಲಿಹೋಯಿತು. ಬೆಳಗಿನ ತಂಪಿನಲ್ಲಿ ಜೂಲಿ ಎಂಬ ಪೊಲೀಸ್ ನಾಯಿ ಬಂತು. ಕಾನ್‌ಸ್ಟೇಬಲ್‌ಗಳೂ ಮರಳಿ ಬಂದಿದ್ದರು. ಜೂಲಿ ಒಂದೊಂದೇ ಬಾವುಟ ಮೂಸುತ್ತ ಸಾಲುಗಳನ್ನು ದಾಟಿತು. ಒಂಬತ್ತನೆಯ ಸಾಲಿನಲ್ಲಿ, ಜಾಲಿಕಂಟಿಯಿಂದ ಮೂರನೆಯ ಬಾವುಟದ ಹತ್ತಿರ ನಿಂತಿತು. ಒಂದು ಸುತ್ತು ಹಾಕಿ ಅಲ್ಲೇ ಕುಳಿತು ತನ್ನ ಯಜಮಾನನ ಮುಖ ನೋಡಿತು. ಕುಳಿತರೆ ಸಿಕ್ಕಿತು ಎಂದರ್ಥ.

ಇರ್ಫಾನ ಪುಟ ತಿರುವಿದ. "ಮೇಡಂ, ಇಲ್ಲಿ ಗಟ್ಟಿ ಅಂತ ಐತ್ರೀ. ಆರ ಬೆರಳು." ಅವನ ದನಿಯಲ್ಲಿ ಗೊಂದಲ ಬಿಟ್ಟರೆ ಬೇರೇನೂ ಇರಲಿಲ್ಲ.

ಬಾಯಿಯವರು ನನಗಾಗಿ ಕೈ ಚಾಚಿದರು. ಹಳೆಯ ತೂತನ್ನು ಮುಟ್ಟದೆ, ಅದರಿಂದ ಒಂದು ಅಂಗೈ ಆಚೆ ನನ್ನನ್ನು ಇಟ್ಟು ಒತ್ತಿದರು. ಕಲ್ಲುಪುಡಿ ದಾಟಿದ ಕೂಡಲೇ ನಾನು ಇಳಿದೆ. ಅವರು ಅಷ್ಟಕ್ಕೇ ನಿಲ್ಲಿಸಿದರು. ಯಾರ ಮುಖವನ್ನೂ ನೋಡಲಿಲ್ಲ. ನನ್ನ ಹಿಡಿಕೆಯ ಮೇಲೆ ಅವರ ಕೈ ಬೆವರಿತು. ಆ ಬೆವರು ಬಿಸಿಲಿನದಲ್ಲ ಎಂದು ನನಗೆ ತಿಳಿದಿತ್ತು.

"ಯಾರನ್ನೂ ಹೊರಗ ಬಿಡಬ್ಯಾಡ್ರಿ," ಎಂದು ಕಾನ್‌ಸ್ಟೇಬಲ್‌ಗೆ ಮೆಲ್ಲಗೆ ಹೇಳಿದರು.

ಇಡೀ ದಿನ ಅಗೆದರು. ಅಗೆದರು ಎಂದರೆ ಗುದ್ದಲಿಯಿಂದ ಅಲ್ಲ. ಸಣ್ಣ ಕರಣೆಯಿಂದ ಒಂದೊಂದೇ ಬೆರಳು ಮಣ್ಣು ಕೆರೆದು, ಬುಟ್ಟಿಗೆ ತುಂಬಿ, ಜರಡಿ ಹಿಡಿದರು. ಮೊದಲು ಅರ್ಧ ಭಾಗ ಮಾತ್ರ ತೆಗೆದು ಉಳಿದರ್ಧವನ್ನು ಗೋಡೆಯಂತೆ ನಿಲ್ಲಿಸಿದರು. ಆ ಮಣ್ಣುಗೋಡೆಯಲ್ಲಿ ನನ್ನ ತೂತು ಪೆನ್ಸಿಲಿನಿಂದ ಗೀರಿದಂತೆ ನೆಟ್ಟಗೆ ಕಾಣಿಸಿತು. ಬಾಯಿಯವರು ಟೇಪು ಹಿಡಿದು ಅಳೆದರು. ಇರ್ಫಾನ ಫೋಟೊ ತೆಗೆದ. ಪುಸ್ತಕದಲ್ಲಿ ಆರು ಬೆರಳು. ಮಣ್ಣಿನಲ್ಲಿ ಒಂದೂವರೆ ಗೇಣು. ತೂತು ನಿಂತ ಜಾಗದಿಂದ ನಾಲ್ಕು ಬೆರಳು ಕೆಳಗೆ ಕಸ್ತೂರಿಯ ಎದೆಗೂಡು ಇತ್ತು. ಬಲಮುಂಗೈ ಇರಲಿಲ್ಲ. ಪಕ್ಕದಿಂದ ನರಿ ಕೊರೆದ ಬಿಲ ಅಲ್ಲಿಗೆ ಬಂದು ಮುಟ್ಟಿತ್ತು.

ಸೊಂಟದ ಹತ್ತಿರ, ಸೀರೆ ಕೊಳೆತ ಜಾಗದಲ್ಲಿ, ಕೂಸಿನ ಒಂದು ಬೆಳ್ಳಿಗೆಜ್ಜೆ ಸಿಕ್ಕಿತು. ಅದರ ಕೊಂಡಿ ಮುರಿದಿತ್ತು. ಬಾಯಿಯವರು ಅದನ್ನು ಬಿಳಿ ಬಟ್ಟೆಯ ಮೇಲಿಟ್ಟು ಹಗ್ಗದ ಆಚೆ ಕೂತಿದ್ದ ಬಾಳವ್ವನ ಬಳಿಗೆ ತಂದರು. ಕೊಡುವ ಮುಂಚೆ ತಾವೂ ನೆಲದ ಮೇಲೆ ಕೂತರು.

ಬಾಳವ್ವ ಅದನ್ನು ಮುಟ್ಟಲಿಲ್ಲ. "ಇದರ ಜೋಡಿ ಮನ್ಯಾಗ ಐತ್ರೀ. ಪತ್ತಾರನ ಹತ್ರ ಕೊಂಡಿ ಹಾಕಿಸಿಕೊಂಡ ಬರತೀನಿ ಅಂತ ಹ್ವಾದಾಕಿ," ಎಂದಳು. ಕೂಸಿನ ಗೆಜ್ಜೆಗೆ ಕೊಂಡಿ ಹಾಕಿಸಲು ಅಕ್ಕಸಾಲಿಗನ ಬಳಿಗೆ ಹೊರಟವಳು ಯಾರ ಜೊತೆಗೂ ಓಡಿಹೋಗಿರುವುದಿಲ್ಲ. ಅದು ಅವಳಿಗೆ ಆ ಗಳಿಗೆಯಲ್ಲಿ ಖಾತ್ರಿಯಾಯಿತು. ಛತ್ರಿ ಹಿಡಿದು ಹಿಂದೆ ನಿಂತಿದ್ದ ತಮ್ಮನ ಕಡೆ ತಿರುಗಿ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. "ಓಡಿಹೋಗಿಲ್ಲೋ ತಮ್ಮಾ ಆಕಿ. ನೋಡೋ. ನಿನ್ನ ಹೇಂತಿ ಓಡಿಹೋಗಿಲ್ಲೋ," ಎಂದು ಅತ್ತಳು. ಅವನ ಕೈಗೆ ಮುಖ ಒತ್ತಿಕೊಂಡು ಅತ್ತಳು.

ಬಾಯಿಯವರು ಎದ್ದು ಆಚೆ ಹೋದರು. ಇರ್ಫಾನ ಪುಸ್ತಕ ಮುಚ್ಚಿ ನೆಲ ನೋಡಿದ. ಅಗೆತ ನೋಡಲು ಬಂದಿದ್ದ ಇನ್ಸ್‌ಪೆಕ್ಟರು ಕೂಡ ಅವಳ ಅಳು ಒಂದಿಷ್ಟು ತಗ್ಗುವವರೆಗೆ ಕಾದರು. ಆಮೇಲೆ ಬಂದು, "ದ್ಯಾಮಣ್ಣ, ಛತ್ರಿ ನಿಮ್ಮ ಅಕ್ಕಗ ಕೊಟ್ಟ ಬಾ," ಎಂದರು. ಅವನು ಛತ್ರಿಯನ್ನು ಮಡಿಸದೆ, ಬಿಸಿಲು ಬೀಳದಂತೆ ಅವಳ ಕೈಗಿಟ್ಟು, ಅವರ ಹಿಂದೆ ನಡೆದ.

ಅವನು ಅವಳನ್ನು ಕೊಂದ ಕಾರಣ ದೊಡ್ಡದೇನೂ ಇರಲಿಲ್ಲ. ಅನುಮಾನ. ಪತ್ತಾರನ ಬಳಿಗೆ ಹೊರಟವಳನ್ನು ಎಲ್ಲಿಗೆ ಎಂದು ಕೇಳಿದ, ಅವಳು ಹೇಳಿದಳು, ಅವನು ನಂಬಲಿಲ್ಲ. ಅಷ್ಟೇ.

ಬಾಯಿಯವರು ನನ್ನನ್ನು ಪೊಲೀಸರಿಗೆ ಒಪ್ಪಿಸಿದರು. ನನ್ನ ಕುತ್ತಿಗೆಗೆ ನಂಬರಿನ ಚೀಟಿ ಕಟ್ಟಿ, ಅರಗಿನ ಮುದ್ರೆ ಒತ್ತಿ, ಮುದ್ದೆಮಾಲು ಎಂದು ಬರೆದರು. ನ್ಯಾಯಾಲಯದಲ್ಲಿ ಸಾಕ್ಷಿಗಾಗಿ ಇಡುವ ವಸ್ತುಗಳಿಗೆ ಆ ಹೆಸರು.

ವಿಚಾರಣೆಗೆ ಮೂರು ವರ್ಷ ಹಿಡಿಯಿತು. ಆರೋಪಿಯ ವಕೀಲರು ಬಾಯಿಯವರನ್ನು ಕೇಳಿದರು, "ಮನೆಯವರನ್ನು ಹುಡುಕಾಟದಲ್ಲಿ ಸೇರಿಸಬಾರದು ಎಂಬ ನಿಯಮ ನಿಮಗೆ ಗೊತ್ತಿರಲಿಲ್ಲವೇ?"

"ಗೊತ್ತಿತ್ತು."

"ಆದರೂ ಇದನ್ನು ಆರೋಪಿಯ ಕೈಗೆ ಕೊಟ್ಟವರು ಯಾರು?"

"ನಾನೇ. ತಪ್ಪು ನನ್ನದು." ಅವರ ದನಿ ಸಣ್ಣದಾಗಿತ್ತು. ಕೂದಲು ಆ ಮೂರು ವರ್ಷದಲ್ಲಿ ಪೂರ್ತಿ ಬೆಳ್ಳಗಾಗಿತ್ತು.

"ಗಟ್ಟಿ, ಮೆತ್ತಗೆ ಎನ್ನುವುದು ಅವರವರ ಅಭಿಪ್ರಾಯ ಅಲ್ಲವೇ?"

"ಅಭಿಪ್ರಾಯ ತಪ್ಪಬಹುದು. ತೂತಿನ ಆಳವನ್ನು ಅಳೆದಿದ್ದೇವೆ."

ಮುಂದಿನ ಸಾಕ್ಷಿ ಬಾಳವ್ವ. ಅವಳು ಕಟಕಟೆ ಹಿಡಿದು ನಿಂತದ್ದನ್ನು ನೋಡಿ ನ್ಯಾಯಾಧೀಶರು ಕುರ್ಚಿ ತರಿಸಿದರು. ಸರ್ಕಾರಿ ವಕೀಲರು ದ್ಯಾಮಣ್ಣನ ಕಡೆ ತೋರಿಸಿ ಮೊದಲ ಪ್ರಶ್ನೆ ಕೇಳಿದರು, "ಅಲ್ಲಿ ನಿಂತವರು ನಿಮಗೆ ಏನಾಗಬೇಕು?"

ಬಾಳವ್ವ ಸೆರಗು ಸರಿಮಾಡಿಕೊಂಡಳು. "ಹೆಂಗ ಹೇಳ್ಲ್ರೀ ಸಾಹೇಬ್ರ. ತಮ್ಮ ಅಂದ್ರ ನನ್ನ ಮಗಳಿಗಿ ಮೋಸಾ. ಅಳಿಯಾ ಅನ್ನಾಕ ನಾಲಿಗಿ ಏಳವಲ್ದು. ನಮ್ಮವ್ವ ಸಾಯೂಮುಂದ ಇವನ ಕೈ ನನ್ನ ಕೈಯಾಗ ಕೊಟ್ಟ ಹ್ವಾದ್ಲು, ನಾ ಅದ ಕೈಯಾಗ ನನ್ನ ಮಗಳನ ಕೊಟ್ಟೆ. ನೀವ ಏನರ ಬರಕೋರ್ರಿ."

ವಕೀಲರು ನನ್ನನ್ನು ಎತ್ತಿ ತೋರಿಸಿದರು. ಇದನ್ನು ಗುರುತಿಸುತ್ತೀರಾ ಎಂದರು. ಅವಳು ತಲೆಯಾಡಿಸಿದಳು. "ಇದು ಆಕಿಗಿ ತಾಗಿತ್ತೇನ್ರೀ?" ಎಂದು ತಾನೇ ಕೇಳಿದಳು.

ಬಾಯಿಯವರು ತಾವು ಕೂತಲ್ಲಿಂದಲೇ, ಅಪ್ಪಣೆಗೆ ಕಾಯದೆ ಉತ್ತರಿಸಿದರು. "ಇಲ್ಲವ್ವಾ. ನಾಕ ಬೆರಳ ಮ್ಯಾಲ ನಿಂತಿತ್ತು."

ಆಗ ಬಾಳವ್ವ ದ್ಯಾಮಣ್ಣನ ಕಡೆ ತಿರುಗಿದಳು. "ಅಲ್ಲೀತನಕಾ ಹ್ವಾದ ಕೈ ಯಾಕ ನಿಂದ್ರಿಸಿದಿ?" ಎಂದಳು. ಬೈಗುಳವಿಲ್ಲ, ಅಳುವಿಲ್ಲ. ಆರೋಪಿಯೊಡನೆ ಮಾತಾಡಬಾರದು ಎಂದು ನ್ಯಾಯಾಧೀಶರು ಮೆಲ್ಲಗೆ ಹೇಳಿದರು.

ಆ ಪ್ರಶ್ನೆಗೆ ಉತ್ತರ ಹೇಳಬಲ್ಲವನು ಅವನೊಬ್ಬ. ಆ ಗಳಿಗೆಯಲ್ಲಿ ಅವನ ಅಂಗೈಯೊಳಗಿದ್ದವನು ನಾನು. ಹೆದರಿಕೆಯಿಂದ ನಿಂತಿತೋ, ಅವಳಿಗೆ ನೋವಾದೀತೆಂದು ನಿಂತಿತೋ, ನನಗೂ ತಿಳಿಯಲಿಲ್ಲ. ಎರಡಕ್ಕೂ ನಾಡಿ ಒಂದೇ ತರಹ ಬಡಿಯುತ್ತದೆ.

ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಮೇಲಿನ ನ್ಯಾಯಾಲಯದಲ್ಲಿ ಅರ್ಜಿ ಇದೆ, ಅದು ತೀರುವವರೆಗೆ ನಾನು ಇಲ್ಲೇ ಇರಬೇಕು. ನ್ಯಾಯಾಲಯದ ಹಿಂದಿನ ಒಂದು ಕೋಣೆ. ನನ್ನ ಆಜೂಬಾಜು ಕುಡುಗೋಲು, ಕೊಡಲಿ, ಯಾರದೋ ಸೈಕಲ್ಲು, ಯಾರದೋ ಹರಿದ ಅಂಗಿ. ಎಲ್ಲರ ಕೊರಳಲ್ಲೂ ಚೀಟಿ. ಬಾಯಿಯವರು ನಿವೃತ್ತರಾದರು. ಹೋಗುವ ಮುನ್ನ ಇರ್ಫಾನನಿಗೆ ಹೊಸ ಸಲಾಕೆ ಮಾಡಿಸಿ ಕೊಟ್ಟರೆಂದು ಕೇಳಿದೆ. ಇಲ್ಲಿ ಕೆಲಸವಿಲ್ಲ, ಯೋಚನೆ ಮಾತ್ರ. ಕೆಟ್ಟ ಕೈಗಳು ಒರಟಾಗಿರುತ್ತವೆ ಎಂದು ನಾನು ತಿಳಿದಿದ್ದೆ. ಒರಟಾಗಿದ್ದ ಕಾನ್‌ಸ್ಟೇಬಲ್‌ಗಳು ಒಬ್ಬರೂ ನನ್ನ ಮಾತನ್ನು ತಿರುಚಲಿಲ್ಲ. ಹಾಗೆಂದು ಮೆತ್ತಗಿನ ಕೈಗಳನ್ನೆಲ್ಲ ಶಂಕಿಸುತ್ತ ಕೂರಲೂ ನನಗೆ ಬರುತ್ತಿಲ್ಲ.

ಮೊನ್ನೆ ಬಾಳವ್ವ ಇಲ್ಲಿಗೆ ಬಂದಿದ್ದಳು. ಗೆಜ್ಜೆಯನ್ನು ಅವಳಿಗೆ ಹಿಂದಿರುಗಿಸಲು ಆದೇಶವಾಗಿತ್ತು. ಜೊತೆಗೆ ಮೊಮ್ಮಗಳು ಶಿವಲೀಲಾ, ಈಗ ಒಂಬತ್ತು ವರ್ಷದವಳು. ಈಗ ಊರಲ್ಲಿ ಯಾರೂ ಆ ಹುಡುಗಿಯನ್ನು ಲಾರಿ ಎನ್ನುವುದಿಲ್ಲವಂತೆ. ಗುಮಾಸ್ತರಿಗೆ ಬಾಳವ್ವ ಅದನ್ನೇ ಮೊದಲು ಹೇಳಿದಳು. ಅವರು ಕಪಾಟಿನಲ್ಲಿ ಹುಡುಕುತ್ತಿದ್ದಾಗ ಹುಡುಗಿ ಮೂಲೆಯಲ್ಲಿದ್ದ ನನ್ನ ಎದುರು ನಿಂತಳು.

"ಆಯಿ, ಇದೇನ?"

"ಇದರಿಂದನ ನಿಮ್ಮವ್ವ ಸಿಕ್ಳು."

"ಯಾರ ಚುಚ್ಚಿದ್ರು?"

ಬಾಳವ್ವ ನನ್ನ ಹಿಡಿಕೆಯನ್ನೇ ನೋಡಿದಳು. ಅಪ್ಪ ಎಲ್ಲಿದ್ದಾನೆಂದು ಆ ಹುಡುಗಿಗೆ ಗೊತ್ತು, ಏಕೆಂದೂ ಗೊತ್ತು. ಅಲ್ಲಿ ನನ್ನನ್ನು ಮೊದಲು ಇಳಿಸಿದ್ದು ಅಪ್ಪನ ಕೈ ಎಂಬುದೊಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

"ಡಾಕ್ಟರಬಾಯಾರು," ಎಂದಳು ಬಾಳವ್ವ. "ನಡಿ, ಬಸ್ ಹೋಗ್ತೈತಿ."

ನನ್ನ ವಿಷಯದಲ್ಲಿ ಮನುಷ್ಯರು ಹೇಳಿದ ಎರಡನೆಯ ಸುಳ್ಳು ಅದು. ಇದನ್ನು ಯಾರೂ ಟೇಪು ಹಿಡಿದು ಅಳೆಯದಿರಲಿ.